ಅಪ್ಪನ ಕನ್ನಡಕದೊಳಗಿನ ಪ್ರಿಸಂ

ಒಂದು ಬೆಳಿಗ್ಗೆ ಅಪ್ಪ ಜಗುಲಿಯಲ್ಲಿ ನಿಂತು, ಎದುರಿನ ರಸ್ತೆಯಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದು ಬಸ್ಸು ಬರುತ್ತಿದೆ ಎಂದರು. ಅಲ್ಲಿದ್ದದ್ದು ಒಂದೇ ಬಸ್ಸು. ಒಂದು ಕಣ್ಣು ಮುಚ್ಚಿದಾಗ ಎರಡನೆಯ ಬಸ್ಸು ಮಾಯವಾಯಿತು, ತೆರೆದಾಗ ಮರಳಿತು. ನೇತ್ರತಜ್ಞರು ಮೊದಲು ಕೇಳಿದ್ದೂ ಇದನ್ನೇ. ಒಂದು ಕಣ್ಣು ಮುಚ್ಚಿದರೂ ಜೋಡಿ ಬಿಂಬ ಉಳಿದರೆ ದೋಷ ಕಣ್ಣಿನ ಪೊರೆಯಲ್ಲೋ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲೋ ಇರಬಹುದು. ಮುಚ್ಚಿದೊಡನೆ ಒಂದಾದರೆ ಎರಡು ಕಣ್ಣುಗಳು ಒಂದೇ ಕಡೆಗೆ ನೋಡುತ್ತಿಲ್ಲ ಎಂದರ್ಥ. ಹೀಗೆ ಇದ್ದಕ್ಕಿದ್ದಂತೆ ಎರಡೆರಡು ಕಾಣತೊಡಗಿದರೆ ಕನ್ನಡಕದ ಅಂಗಡಿಗಲ್ಲ, ವೈದ್ಯರಲ್ಲಿಗೇ ಹೋಗಬೇಕು.

ಅಪ್ಪನಿಗೆ ಬಹುಕಾಲದ ಸಕ್ಕರೆ ಕಾಯಿಲೆ. ಎಡಗಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವಿಗೆ ಹೋಗುವ ಆರನೆಯ ಕಪಾಲನರವು (ಮೆದುಳಿನಿಂದ ನೇರವಾಗಿ ಹೊರಡುವ ನರಗಳಲ್ಲೊಂದು) ಅದರಿಂದ ದುರ್ಬಲಗೊಂಡಿದ್ದು, ಆ ಕಣ್ಣು ಮೂಗಿನ ಕಡೆಗೆ ವಾಲಿತ್ತು. ಇಂಥದ್ದು ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳೊಳಗೆ ತಾನಾಗಿಯೇ ಸುಧಾರಿಸುತ್ತದೆಯೆಂದೂ ಅಲ್ಲಿಯವರೆಗೆ ಪ್ರಿಸಂ ಹಾಕೋಣವೆಂದೂ ವೈದ್ಯರು ಹೇಳಿದರು.

ಶಾಲೆಯಲ್ಲಿ ಪಟ್ಟಕವೆಂದು ಓದಿದ, ಬಿಳಿಯ ಬೆಳಕನ್ನು ಏಳು ಬಣ್ಣಗಳಾಗಿ ಒಡೆಯುವ ಆ ಗಾಜಿಗೂ ಕನ್ನಡಕಕ್ಕೂ ಏನು ಸಂಬಂಧವೆಂದು ನಾನು ಬೆರಗಾದೆ. ಕನ್ನಡಕದಲ್ಲಿ ಅದರ ಕೆಲಸ ಬಣ್ಣ ಒಡೆಯುವುದಲ್ಲ, ಕಿರಣವನ್ನು ತನ್ನ ದಪ್ಪ ಅಂಚಿನ ಕಡೆಗೆ ಬಾಗಿಸುವುದು. ಕಿರಣವು 1 ಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಸರಿಯುವಷ್ಟು ಬಾಗಿಸಿದರೆ ಅದು 1 ಪ್ರಿಸಂ ಡಯಾಪ್ಟರ್. ಅಪ್ಪನ ದಪ್ಪ ಅಂಚು ಎಡಗಿವಿಯ ಕಡೆಗಿತ್ತು. ಕಣ್ಣಿನ ಮುಂಭಾಗ ಒಳಕ್ಕೆ ವಾಲಿದಾಗ, ಹಿಂಬದಿಯ ಪರದೆಯಲ್ಲಿ ನೋಟ ಅತಿ ಸ್ಪಷ್ಟವಾಗಿರುವ ಜಾಗವಾದ ಸೂಕ್ಷ್ಮ ದೃಷ್ಟಿಬಿಂದು ಹೊರಗೆ ಸರಿಯುವುದರಿಂದ ಬೆಳಕನ್ನೂ ಹೊರಕ್ಕೇ ಬಾಗಿಸಬೇಕಿತ್ತು. ಪ್ರಿಸಂ ಮಾಲುಗಣ್ಣನ್ನು ನೆಟ್ಟಗೆ ಮಾಡುವುದಿಲ್ಲ, ಮಸುಕನ್ನು ತಿದ್ದುವುದೂ ಇಲ್ಲ. ಕಣ್ಣು ಎಲ್ಲಿದೆಯೋ ಅಲ್ಲಿಗೆ ಬಿಂಬವನ್ನು ತಂದುಕೊಡುತ್ತದೆ.

ಅಪ್ಪನಿಗೆ ಬೇಕಾಗಿದ್ದದ್ದು 20 ಪ್ರಿಸಂ ಡಯಾಪ್ಟರ್. ಅಷ್ಟನ್ನು ಒಂದೇ ಗಾಜಿನಲ್ಲಿ ಅರೆದರೆ ಅಂಚು ಸಹಿಸಲಾಗದಷ್ಟು ದಪ್ಪವಾಗುತ್ತದೆ. ಅದಕ್ಕಾಗಿ ಹಳೆಯ ಕನ್ನಡಕದ ಒಳಬದಿಗೆ, ಕತ್ತರಿಯಿಂದ ಗಾಜಿನ ಆಕಾರಕ್ಕೆ ಕತ್ತರಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ನೀರಿನಲ್ಲಿ ನೆನೆಸಿ ಅಂಟಿಸಿದರು. ಅದರ ತುಂಬ ಸಾಲುಸಾಲಾಗಿ ಪುಟ್ಟ ಪ್ರಿಸಂಗಳೇ. ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ದೊಡ್ಡ ಮಸೂರವನ್ನು ತುಂಡುತುಂಡಾಗಿಸಿ ತೆಳುಗೊಳಿಸಿದ ಉಪಾಯವೇ ಇದು. ಹಾಳೆಯ ಗೆರೆಗಳು ಬೆಳಕನ್ನು ಚದುರಿಸುವುದರಿಂದ ಎಡಗಣ್ಣಿನ ನೋಟ ಸ್ವಲ್ಪ ಮಂಕಾಗಿ, ಪತ್ರಿಕೆಯ ಸಣ್ಣಕ್ಷರಗಳಿಗೆ ಅಪ್ಪ ಗೊಣಗುತ್ತಿದ್ದರು. ಆದರೂ ನೇರ ನೋಟದಲ್ಲಿ ಬಸ್ಸು ಒಂದಾಯಿತು. ಎಡಕ್ಕೆ ಕಣ್ಣು ಹೊರಳಿಸಿದರೆ ಮಾತ್ರ ಮತ್ತೆ ಒಡೆಯುತ್ತಿತ್ತು, ಏಕೆಂದರೆ ಹಾಳೆಯ ಪ್ರಮಾಣ ಒಂದೇ, ಸ್ನಾಯುವಿನ ಕೊರತೆಯೋ ದಿಕ್ಕಿಗೊಂದು ತೆರ.

ಇಷ್ಟೆಲ್ಲ ತಿಳಿದ ಮೇಲೆ ನನ್ನದೇ ಹಳೆಯ ತಲೆನೋವೊಂದು ಅರ್ಥವಾಯಿತು. ನನ್ನದು ಮೈನಸ್ 6. ಹಿಂದೊಮ್ಮೆ ಅಂಗಡಿಯೊಂದರಲ್ಲಿ ಮಾಡಿಸಿದ ಕನ್ನಡಕದ ಬಲಗಾಜಿನ ಕೇಂದ್ರವು ಪಾಪೆಗಿಂತ 3 ಮಿಲಿಮೀಟರ್ ಕೆಳಗೆ ಕುಳಿತಿತ್ತು. ಯಾವುದೇ ಪವರ್ ಗಾಜಿನ ಕೇಂದ್ರ ಸರಿದರೆ ಅದೂ ಪ್ರಿಸಂ ಆಗುತ್ತದೆ. ಸರಿದ ಸೆಂಟಿಮೀಟರನ್ನು ಪವರಿನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. 0.3ನ್ನು 6ರಿಂದ ಗುಣಿಸಿದರೆ 1.8. ಅಡ್ಡಡ್ಡ ವ್ಯತ್ಯಾಸವನ್ನು ಕಣ್ಣುಗಳು ಒಂದಿಷ್ಟು ಹೊಂದಿಸಿಕೊಳ್ಳುತ್ತವೆ, ಮೇಲೆ ಕೆಳಗಿನದನ್ನು ಬಹಳ ಕಡಿಮೆ. "ಹೊಸ ಪವರು, ಅಭ್ಯಾಸವಾಗುತ್ತದೆ" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಎರಡು ತಿಂಗಳು ಮಾತ್ರೆ ನುಂಗಿದ್ದು ನನ್ನ ಪೆದ್ದುತನ.

ಮೂರನೆಯ ತಿಂಗಳಲ್ಲಿ ಅಪ್ಪನ ಹಾಳೆ 20ರಿಂದ 8ಕ್ಕೆ ಇಳಿಯಿತು. ಒಂಬತ್ತನೆಯ ತಿಂಗಳಿಗೆ 4 ಉಳಿದು ಅಲ್ಲಿಯೇ ನಿಂತಿದ್ದರಿಂದ, ಅದನ್ನು ಎರಡು ಗಾಜುಗಳಿಗೂ ಎರಡೆರಡಾಗಿ ಹಂಚಿ, ಗಾಜಿನಲ್ಲಿಯೇ ಅರೆಸಿದ ಹೊಸ ಕನ್ನಡಕ ಬಂತು. ಅಪ್ಪ ಅದನ್ನು ಹಾಕಿಕೊಳ್ಳುವ ಮುನ್ನ, ಕಿವಿಯ ಕಡೆಯ ಅಂಚು ದಪ್ಪಗಿದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಂಡರು.