‘ಇನ್ನೂ ಕೂತಿಲ್ಲ ಮೇಡಂ’: ಮಕ್ಕಳ ಫಿಸಿಯೋ ರೂಮಿನ ಪಾಠ

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್. ನಮ್ಮ ವಿಭಾಗಕ್ಕೆ ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ. ಆಶಾ ಕಾರ್ಯಕರ್ತೆಯರು ಚೀಟಿಯಲ್ಲಿ ಬರೆದು ಕಳಿಸುವುದು ‘ಡಿಇಐಸಿ’ ಅಂತ ಮಾತ್ರ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ ಅಂತ ಅರ್ಥ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಕೆಳಗೆ ನಡೆಯುವ ಕೇಂದ್ರ ಇದು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ಡಾಕ್ಟರು ಕಳಿಸಿದ ಮಕ್ಕಳು ಬರುತ್ತಾರೆ. ಹುಟ್ಟಿದಾಗ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್‌ಎನ್‌ಸಿಯು) ಇದ್ದು ಮನೆಗೆ ಹೋದ ಮಕ್ಕಳು ಬರುತ್ತಾರೆ. ಯಾರೂ ಕಳಿಸದೆ, ಅಮ್ಮನಿಗೆ ರಾತ್ರಿ ನಿದ್ದೆ ಬರದೆ ಬಂದ ಮಕ್ಕಳೂ ಇರುತ್ತಾರೆ.

ಬಂದವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. ‘ಏಳು ತಿಂಗಳಾಯ್ತು ಮೇಡಂ, ಇನ್ನೂ ಕೂತಿಲ್ಲ.’ ‘ವರ್ಷ ತುಂಬಿತು, ನಿಲ್ಲೋದೇ ಇಲ್ಲ.’ ಅದರ ಹಿಂದೆಯೇ ಇನ್ನೊಂದು ಮಗುವಿನ ಹೆಸರು ಬರುತ್ತದೆ. ನಾದಿನಿಯ ಮಗು, ಪಕ್ಕದ ಮನೆಯ ಮಗು, ವಾಟ್ಸಾಪಿನಲ್ಲಿ ವಿಡಿಯೋ ಹಾಕುವ ಓರಗಿತ್ತಿಯ ಮಗು. ಆ ಮಗು ಆರಕ್ಕೇ ಕೂತಿತ್ತಂತೆ.

ಈ ಕೆಲಸದಲ್ಲಿ ನಾನು ಕಲಿತದ್ದು, ಇಂಥ ಪ್ರಶ್ನೆಗೆ ತಿಂಗಳಿನಲ್ಲೇ ಉತ್ತರ ಕೊಡಬಾರದು ಅಂತ. ‘ಒಂಬತ್ತರವರೆಗೂ ಕಾಯಿರಿ’ ಎಂದು ಬಾಯಲ್ಲಿ ಹೇಳಿ ಕಳಿಸುವುದು ಸುಲಭ. ಪುಸ್ತಕದ ಪ್ರಕಾರ ಸರಿಯೂ ಹೌದು. ಆದರೆ ಅದೇ ತಿಂಗಳಿನ ಎರಡು ಮಕ್ಕಳಲ್ಲಿ ಒಂದನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸಬಹುದು, ಇನ್ನೊಂದನ್ನು ಇವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಮಗು ಹೇಗೆ ಅಲ್ಲಾಡುತ್ತದೆ ಅಂತ ನೋಡದೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ನಮ್ಮ ಟೇಬಲ್ಲಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್‌ನವರು ಮಾಡಿದ ಚಾರ್ಟ್. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ 17 ಕೆಲಸಗಳು, ಒಂದೊಂದಕ್ಕೂ ಒಂದೊಂದು ಅಡ್ಡಪಟ್ಟಿ. ತೀರಾ ಬೇಗ ಮಾಡುವ ಮಕ್ಕಳ ವಯಸ್ಸಿನಲ್ಲಿ ಪಟ್ಟಿ ಶುರು, ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮಾಡಿ ಮುಗಿಸುವ ವಯಸ್ಸಿನಲ್ಲಿ ಕೊನೆ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಡುತ್ತೇನೆ. ಪೆನ್ಸಿಲಿನ ಎಡಕ್ಕೆ ಮುಗಿದುಹೋದ ಪಟ್ಟಿಯ ಕೆಲಸವನ್ನು ಮಗು ಮಾಡದಿದ್ದರೆ ಹೆಚ್ಚಿನ ತಪಾಸಣೆ ಬೇಕು. ಪಟ್ಟಿ ಪೆನ್ಸಿಲನ್ನು ದಾಟಿ ಹೋಗಿದ್ದರೆ ಇನ್ನೂ ಸಮಯ ಇದೆ. ನಾನು ಇದನ್ನು ಅಪ್ಪ ಅಮ್ಮಂದಿರಿಗೇ ಮಾಡಿಸುತ್ತೇನೆ. ಪಟ್ಟಿ ಎಷ್ಟು ಉದ್ದ ಇದೆ ಅಂತ ಕಣ್ಣಿಗೆ ಕಂಡ ಮೇಲೆ ಓರಗಿತ್ತಿಯ ಮಗುವಿನ ಮಾತು ತಾನಾಗಿ ನಿಲ್ಲುತ್ತದೆ. ಮೊಬೈಲ್ ಆ್ಯಪ್ ಕೊಡುವುದು ಒಂದೇ ಒಂದು ತಿಂಗಳು, ಅಲ್ವಾ? ಅದಕ್ಕೇ ಜನ ಹೆದರುವುದು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಚೆನ್ನಾಗಿದೆ. ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕದ ಆರೋಗ್ಯವಂತ ಮಕ್ಕಳನ್ನು ನೋಡಿ ಮಾಡಿದ್ದು. ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ. ಒಂಟಿಯಾಗಿ ನಡೆಯುವುದು 8.2ರಿಂದ 17.6. ಅಂದರೆ ಒಂದು ಮಗು ಹುಟ್ಟುಹಬ್ಬಕ್ಕೆ ಮುಂಚೆಯೇ ಓಡಾಡಿಕೊಂಡಿರಬಹುದು, ಇನ್ನೊಂದು ಒಂದೂವರೆ ವರ್ಷದ ಹತ್ತಿರ ಹೆಜ್ಜೆ ಇಡಬಹುದು. ಎರಡೂ ಸರಿಯೇ. ಅದೇ ಅಧ್ಯಯನದಲ್ಲಿ ಶೇ 4.3ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರಂತೂ 2022ರಲ್ಲಿ ತಮ್ಮ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಬಿಟ್ಟರು. ಆಗ ಫಿಸಿಯೋಗಳಲ್ಲಿ ಸಿಟ್ಟಾದವರು ಬಹಳ. ನನಗೂ ಅಂಬೆಗಾಲು ಇಷ್ಟವೇ. ಭುಜ, ಸೊಂಟ, ಅಂಗೈ ಎಲ್ಲಕ್ಕೂ ಒಟ್ಟಿಗೆ ಕೆಲಸ ಸಿಗುತ್ತದೆ. ಆದರೆ ಕುಂಡೆ ಮೇಲೆ ಜರುಗಿ ಜರುಗಿ ಮನೆಯೆಲ್ಲಾ ಸುತ್ತುವ ಮಗುವನ್ನು ನೋಡಿ ನಾನು ಗಾಬರಿಯಾಗುವುದಿಲ್ಲ. ಅಂಥವು ನಡೆಯುವುದು ಸ್ವಲ್ಪ ತಡ, ಅಷ್ಟೇ.

ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ‘ಬೆಳಗ್ಗೆಯಿಂದ ರಾತ್ರಿವರೆಗೆ ಪಾಪು ಎಲ್ಲೆಲ್ಲಿ ಇರುತ್ತೆ?’

ಉತ್ತರ ಕೇಳಬೇಕು ನೀವು. ತೊಟ್ಟಿಲು, ಅಮ್ಮನ ಮಡಿಲು, ಅಜ್ಜಿಯ ಸೊಂಟ, ಮತ್ತೆ ತೊಟ್ಟಿಲು, ಸಂಜೆ ವಾಕರ್. ನೆಲಕ್ಕೆ? ‘ಅಯ್ಯೋ ನೆಲ ತಣ್ಣಗಿರುತ್ತೆ ಮೇಡಂ, ಶೀತ ಆಗುತ್ತೆ.’ ‘ಇರುವೆ ಇದಾವೆ.’ ‘ಚೊಚ್ಚಲು ಮೊಮ್ಮಗು, ಅವರ ತಾತ ಕೆಳಗೆ ಬಿಡೋದೇ ಇಲ್ಲ.’ ಹೀಗೆ ಬೆಳೆದ ಮಗುವನ್ನು ಚಾಪೆಯ ಮೇಲೆ ಬೋರಲು ಮಲಗಿಸಿದರೆ ಒಂದು ನಿಮಿಷದಲ್ಲಿ ಕಿರುಚುತ್ತದೆ. ಕೈಕಾಲು ಗಟ್ಟಿ, ಕಣ್ಣು ಚುರುಕು, ಕರೆದರೆ ತಿರುಗುತ್ತದೆ. ಎಲ್ಲ ಸರಿ ಇದೆ. ಅಭ್ಯಾಸಕ್ಕೆ ಜಾಗ ಸಿಕ್ಕಿಲ್ಲ ಅಷ್ಟೆ. ಇವರಿಗೆ ನಾನು ಬರೆದುಕೊಡುವುದು ಒಂದು ಜಮಖಾನೆ, ನಾಲ್ಕು ಸ್ಟೀಲ್ ಲೋಟ, ಎಚ್ಚರ ಇರುವಾಗ ದಿನಕ್ಕೆ ಹಲವು ಸಲ ನೆಲ. ಮಲಗಿಸುವಾಗ ಮಾತ್ರ ಬೆನ್ನ ಮೇಲೆ. ವಾಕರ್ ಅಟ್ಟಕ್ಕೆ. ಕೆನಡಾದಲ್ಲಿ 2004ರಿಂದ ಬೇಬಿ ವಾಕರ್ ಮಾರುವುದೇ ನಿಷಿದ್ಧ ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಅದನ್ನು ನಾಮಕರಣಕ್ಕೆ ಉಡುಗೊರೆ ಕೊಡುತ್ತಾರೆ. ವಾಕರಿನಲ್ಲಿ ಮಗು ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತದೆ, ನಡೆಯಲು ಬೇಕಾದ ಸಮತೋಲನ ಕಲಿಯುವುದಿಲ್ಲ. ಮೆಟ್ಟಿಲಿದ್ದರೆ ಉರುಳುವ ಅಪಾಯ ಬೇರೆ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಲೆಕ್ಕವೇ ಬೇರೆ. ಇದನ್ನು ಡಿಸ್ಚಾರ್ಜ್ ದಿನ ಯಾರಾದರೂ ಹೇಳಿರುತ್ತಾರೆ, ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೋಗಿರುವುದಿಲ್ಲ. 32 ವಾರಕ್ಕೆ ಹುಟ್ಟಿದ್ದರೆ 40ಕ್ಕೆ ಎಂಟು ವಾರ ಕಡಿಮೆ. ಆ ಎರಡು ತಿಂಗಳನ್ನು ಕಳೆಯಬೇಕು. ಎಂಟು ತಿಂಗಳ ಮಗು ನಮ್ಮ ಲೆಕ್ಕದಲ್ಲಿ ಆರು ತಿಂಗಳಿನದು. ಎರಡು ವರ್ಷ ತುಂಬುವವರೆಗೆ ಹೀಗೇ ಕಳೆದು ನೋಡುತ್ತೇವೆ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ, ಅದು ಹುಟ್ಟಿದ ದಿನದಿಂದಲೇ. ತಾಯಿ ಕಾರ್ಡಿನ ಹಿಂದೆ ಈ ಕಳೆಯುವ ಲೆಕ್ಕ ಬರೆದುಕೊಟ್ಟರೆ ಕೆಲವು ಅಮ್ಮಂದಿರು ಅಲ್ಲೇ ಅತ್ತುಬಿಡುತ್ತಾರೆ. ಅಷ್ಟು ದಿನ ‘ನನ್ನ ಹಾಲು ಸಾಲದೇ ಹಿಂಗಾಯ್ತಾ’ ಅಂತ ಕೊರಗಿರುತ್ತಾರೆ.

ಇಷ್ಟೆಲ್ಲಾ ಓದಿ ‘ಹಾಗಾದರೆ ಕಾಯೋಣ’ ಅಂದುಕೊಳ್ಳಬೇಡಿ. ಕಾಯಬಾರದ ಮಕ್ಕಳು ಇದೇ ಸಾಲಿನಲ್ಲಿ ಕೂತಿರುತ್ತಾರೆ. ಒಂದು ಮಗುವಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಏಳು ತಿಂಗಳ ಗಂಡುಮಗು. ಕೂತಿಲ್ಲ ಅಂತ ಬಂದಿದ್ದರು. ಅಜ್ಜಿ ಹೆಮ್ಮೆಯಿಂದ ಹೇಳಿದರು, ‘ಒಂದು ಒಳ್ಳೇದು ನೋಡಿ ಮೇಡಂ, ಎಡಗೈ ಚಾಳಿನೇ ಇಲ್ಲ. ಏನು ಕೊಟ್ಟರೂ ಬಲಗೈಯಲ್ಲೇ ತಗೊಳ್ತಾನೆ.’ ನಾನು ಸ್ಟೀಲ್ ಚಮಚವನ್ನು ಅವನ ಎಡಭುಜದ ಪಕ್ಕ ಹಿಡಿದೆ. ಅವನು ಇಡೀ ಮೈ ತಿರುಗಿಸಿ ಬಲಗೈಯನ್ನು ಎದೆಯ ಮೇಲಿಂದ ದಾಟಿಸಿ ತಂದ. ಬಲಗೈಯನ್ನು ಮೆಲ್ಲಗೆ ನನ್ನ ಅಂಗೈಯೊಳಗೆ ಹಿಡಿದುಕೊಂಡೆ. ಆಗ ಬಾಯಿ ಮುಂದೆ ಮಾಡಿದ, ಎಡಗೈ ಏಳಲಿಲ್ಲ. ಎಡ ಮುಷ್ಟಿ ಬಿಗಿಯಾಗಿತ್ತು, ಹೆಬ್ಬೆರಳು ಒಳಗೆ. ಬೆರಳುಗಳನ್ನು ಒಂದೊಂದೇ ಬಿಡಿಸಿದರೆ ಅಂಗೈ ಗೆರೆಯಲ್ಲಿ ಹಳೆಯ ಹಾಲಿನ ವಾಸನೆ, ಬಟ್ಟೆಯ ಜುಂಜು, ಬೆವರಿಗೆ ಕೆಂಪಾದ ಚರ್ಮ. ‘ಸ್ನಾನ ಮಾಡಿಸುವಾಗ ಈ ಮುಷ್ಟಿ ಬಿಡಿಸೋದು ಕಷ್ಟ ಆಗ್ತಿತ್ತಾ?’ ಅಂತ ಕೇಳಿದೆ. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಅಮ್ಮ ತಲೆ ಎತ್ತಿದರು. ‘ಮೊದಲಿಂದಲೂ ಹೇಳ್ತಾ ಇದ್ದೀನಿ ಮೇಡಂ. ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋಗುತ್ತೆ ಅಂದರು.’

ವರ್ಷದೊಳಗಿನ ಮಗುವಿಗೆ ಬಲಗೈ ಎಡಗೈ ಅನ್ನುವುದು ಇರಬಾರದು. ಹತ್ತಿರ ಇದ್ದ ಕೈಯಲ್ಲಿ ತೆಗೆದುಕೊಳ್ಳಬೇಕು. ಒಂದೇ ಕೈ ಮುಂದೆ ಬರುತ್ತಿದ್ದರೆ ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಅಂತ ಕೇಳಬೇಕು. ಈ ಮಗು ಅದೇ ತಿಂಗಳು ಕೂತುಬಿಟ್ಟಿದ್ದರೆ ಮನೆಯವರು ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ. ಅದು ನನಗೆ ಈಗಲೂ ದಿಗಿಲು ಹುಟ್ಟಿಸುವ ವಿಷಯ. ಅವನನ್ನು ಡಾಕ್ಟರಿಗೆ ತೋರಿಸಿದೆವು, ತಪಾಸಣೆಗಳಾದವು, ವ್ಯಾಯಾಮ ಶುರುವಾಯಿತು. ವ್ಯಾಯಾಮ ಅಂದರೆ ದೊಡ್ಡದೇನಲ್ಲ. ಎರಡು ಕೈ ಬೇಕೇ ಬೇಕಾಗುವ ಆಟಗಳು. ದೊಡ್ಡ ಚೆಂಡು, ಅಗಲದ ಚೊಂಬು, ಚಪಾತಿ ಹಿಟ್ಟಿನ ಉಂಡೆ. ಅಜ್ಜಿಯೇ ಈಗ ಮನೆಯಲ್ಲಿ ಮಾಡಿಸುವವರು, ನಮಗಿಂತ ಚೆನ್ನಾಗಿ ಮಾಡಿಸುತ್ತಾರೆ.

ಇನ್ನೊಂದು ಇದೆ, ಅದಕ್ಕೆ ಒಂದು ವಾರವೂ ಕಾಯಬಾರದು. ಮಾಡುತ್ತಿದ್ದದ್ದನ್ನು ಮಗು ಬಿಟ್ಟುಬಿಡುವುದು. ನಗುತ್ತಿತ್ತು, ಈಗ ನಗುವುದಿಲ್ಲ. ಕೂರುತ್ತಿತ್ತು, ಈಗ ಕುತ್ತಿಗೆಯೂ ವಾಲುತ್ತದೆ. ‘ಹಲ್ಲು ಬರೋದಕ್ಕೆ ಹಿಂಗೆ’, ‘ದೃಷ್ಟಿ ಆಗಿದೆ’ ಅಂತ ದಿನ ಕಳೆಯುತ್ತಾರೆ. ಇದಕ್ಕೆ ಕಾರಣ ಹಲವು ಇರಬಹುದು. ನಮ್ಮ ಕಡೆ ಡಾಕ್ಟರು ತಪ್ಪದೆ ನೋಡುವುದು ವಿಟಮಿನ್ ಬಿ12. ತಾಯಿಗೇ ಅದು ಕಡಿಮೆ ಇದ್ದು, ಆರು ತಿಂಗಳಾದರೂ ಮಗುವಿಗೆ ಬರೀ ಎದೆಹಾಲು, ಬೇರೆ ಊಟ ಶುರುವಾಗಿಲ್ಲ ಅಂದರೆ ಮಗು ಮಂಕಾಗುತ್ತಾ ಹೋಗುತ್ತದೆ. ಕೂದಲು ತೆಳ್ಳಗೆ, ಬೆರಳ ಗಿಣ್ಣು ಕಪ್ಪಗೆ, ಕೆಲವು ಮಕ್ಕಳಿಗೆ ನಡುಕವೂ ಬರುತ್ತದೆ. ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ. ಮಗು ಮೊದಲ ಸಲ ಮತ್ತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಆ ಮನೆಯವರ ಮುಖ ನೋಡಬೇಕು.

ಕಿವಿಯ ಮಾತು ಹೇಳದೆ ಇರಲಾರೆ. ಕೂರಲಿಲ್ಲ, ನಿಲ್ಲಲಿಲ್ಲ ಅಂತ ಓಡಿ ಬರುತ್ತಾರೆ, ಕೇಳಿಸುತ್ತಾ ಅಂತ ಕೇಳಿಕೊಂಡು ಬರುವವರು ಕಡಿಮೆ. ‘ಬಾಗಿಲು ಬಡಿದರೆ ಬೆಚ್ಚುತ್ತೆ, ಕೇಳುತ್ತೆ’ ಅನ್ನುತ್ತಾರೆ. ಬಾಗಿಲು ಬಡಿದರೆ ನೆಲ ಅದುರುತ್ತದೆ, ಗಾಳಿ ಬೀಸುತ್ತದೆ. ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಊಂ ಆಂ ಅನ್ನುತ್ತದೆ, ಆಮೇಲೆ ನಿಧಾನಕ್ಕೆ ಕಡಿಮೆಯಾಗುತ್ತದೆ. ಮಾತು ಬರಲಿಲ್ಲ ಅಂತ ಎರಡು ವರ್ಷ ನಾಲಿಗೆಗೆ ಬಜೆ ತೇಯ್ದು ಹಚ್ಚಿಕೊಂಡು ಕೂತವರನ್ನು ನೋಡಿದ್ದೇನೆ. ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಇದೆಯಾ ಇಲ್ಲವಾ ಅಂತ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ. ಇದು ನಾವು ಹಿಡಿಯುವ ಗುರಿ. ನಮ್ಮಲ್ಲಿ ಸಂಶಯ ಬಂದ ಮಕ್ಕಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುತ್ತೇವೆ. ದೂರ ಆಯ್ತು ಅಂತ ಗೊಣಗುತ್ತಾರೆ, ಆದರೂ ಹೋಗಿ ಬರುತ್ತಾರೆ.

ಮನೆಯ ಹಿರಿಯರ ಜೊತೆ ವಾದಕ್ಕೆ ಇಳಿಯಬಾರದು ಅನ್ನುವುದು ಕೂಡ ಇಲ್ಲಿ ಬಂದ ಬುದ್ಧಿ. ‘ಇವರಪ್ಪನೂ ತಡವಾಗಿಯೇ ನಡೆದಿದ್ದು’ ಅಂತ ಅಜ್ಜಿ ಹೇಳಿದರೆ ಅದು ಮಾಹಿತಿ. ತಡವಾಗಿ ನಡೆಯುವುದು ಕೆಲವು ಮನೆತನಗಳಲ್ಲಿ ಇರುತ್ತದೆ. ‘ಹೌದಾ ಅಜ್ಜಿ, ಎಷ್ಟು ತಿಂಗಳಿಗೆ? ಆಗ ಮಾತು ಬಂದಿತ್ತಾ? ಹಿಡಿದುಕೊಂಡು ನಿಲ್ಲುತ್ತಿದ್ದರಾ?’ ಅಂತ ಮುಂದುವರಿಸುತ್ತೇನೆ. ನೆನಪು ಮಾಡಿಕೊಳ್ಳುತ್ತಾ ಹೋದಂತೆ ಅಜ್ಜಿಯೇ ಮೊಮ್ಮಗುವಿನ ಕಡೆ ತಿರುಗಿ, ‘ಇದು ಹಂಗಿಲ್ಲ’ ಅನ್ನುವುದುಂಟು. ಆ ಮಾತು ನನ್ನ ಬಾಯಿಂದ ಬಂದಿದ್ದರೆ ಮುಂದಿನ ಸಲ ಅವರು ಸೊಸೆಯನ್ನು ಕಳಿಸುತ್ತಿದ್ದರೋ ಇಲ್ಲವೋ.

ಬರುವವರಿಗೆ ಒಂದೆರಡು ಮಾತು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಯಾರ ಮಾತೂ ಕೇಳದೆ ಹೊರಟು ಬನ್ನಿ. ತಾಯಿ ಕಾರ್ಡ್ ಮತ್ತು ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ ಇರಲಿ. ಮನೆಯಲ್ಲಿ ಮಗು ಆಡುವಾಗ ಎರಡು ನಿಮಿಷದ ವಿಡಿಯೋ ಮಾಡಿಕೊಂಡು ಬನ್ನಿ, ಕೈಕಾಲು ಕಾಣುವ ಹಾಗೆ, ಬರೀ ಮುಖ ಇದ್ದರೆ ಸಾಲದು. ಆಸ್ಪತ್ರೆ ಕಂಡರೆ ಮಕ್ಕಳು ಏನೂ ಮಾಡುವುದಿಲ್ಲ. ಸಾಲು ಉದ್ದ ಇದ್ದು ಪಾಪುಗೆ ಹಸಿವಾದರೆ ಮೊದಲು ಹಾಲು ಕುಡಿಸಿ, ನಿದ್ದೆ ಮಾಡಿದರೆ ಏಳುವ ತನಕ ಬಿಡಿ. ನಿಮ್ಮ ಚೀಟಿ ಪಕ್ಕಕ್ಕಿಟ್ಟು ಆಮೇಲೆ ಕರೆಯುತ್ತೇವೆ.