ಫಿಸಿಕ್ಸ್ ಲ್ಯಾಬಿನಲ್ಲಿ ಮೊದಲ ವರ್ಷ

ಬಿ.ಎಸ್‌ಸಿ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಸೇರಿ ಮೊದಲ ಸೆಮಿಸ್ಟರಿನ ಫಿಸಿಕ್ಸ್ ಸಿಲಬಸ್ ತೆರೆದಾಗ ಹೊಸದೇನೂ ಕಾಣಲಿಲ್ಲ. ನ್ಯೂಟನ್ನನ ನಿಯಮಗಳು, ತಿರುಗುವ ವಸ್ತುಗಳು, ಆಂದೋಲನ, ಸ್ಥಿತಿಸ್ಥಾಪಕತೆ. ಪಿಯುಸಿಯಲ್ಲಿ ಓದಿದ್ದೇ ಅಲ್ವಾ ಎಂದು ಈಗ ಸೇರುವವರಿಗೂ ಅನ್ನಿಸುತ್ತದೆ. ಪಾಠಗಳೇನೋ ಅವೇ. ಪಿಯುಸಿಯಲ್ಲಿ ಸೂತ್ರಕ್ಕೆ ಬೆಲೆ ಹಾಕಿ ಉತ್ತರ ತೆಗೆದರೆ ಸಾಕಿತ್ತು. ಇಲ್ಲಿ ನಮ್ಮ ಮೇಷ್ಟ್ರು ಬೇರೆಯದನ್ನೇ ಕೇಳುತ್ತಿದ್ದರು. ಈ ಸೂತ್ರ ಎಲ್ಲಿಂದ ಬಂತು? ಎಲ್ಲಿಯವರೆಗೆ ನಡೆಯುತ್ತದೆ?

ಲೋಲಕವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟರೆ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಲ್ಯಾಬಿನಲ್ಲಿ ಈ ಕಾಲ ಅಳೆದು ಗುರುತ್ವದ ಬೆಲೆ ತೆಗೆಯುತ್ತೇವೆ. ಅದರ ಸೂತ್ರ ಬಿಡಿಸುವಾಗ ಸೈನ್ ತೀಟಾ (ತೀಟಾ ಅಂದರೆ ದಾರ ವಾಲಿದ ಕೋನ) ಇರುವಲ್ಲಿ ಬರೀ ತೀಟಾ ಬರೆದುಕೊಳ್ಳುತ್ತೇವೆ. ಕೋನ ಚಿಕ್ಕದಿದ್ದರೆ ಮಾತ್ರ ಇದು ನಡೆಯುತ್ತದೆ. 30 ಡಿಗ್ರಿ ಎಳೆದು ಬಿಟ್ಟರೆ ಕಾಲ ಸುಮಾರು ಶೇ. 1.7ರಷ್ಟು ಜಾಸ್ತಿಯಾಗುತ್ತದೆ. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಗುರುತ್ವದ ಬೆಲೆಯಲ್ಲಿ ಈ ವ್ಯತ್ಯಾಸ ಎರಡು ಪಟ್ಟಾಗುತ್ತದೆ. 9.8 ಬರಬೇಕಾದ ಕಡೆ 9.5ರ ಹತ್ತಿರ ಬರುತ್ತದೆ. ಇನ್ನು ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡ್ ತಡಮಾಡಿತು ಅನ್ನಿ. 20 ಆಂದೋಲನ ಎಣಿಸಿದ್ದರೆ ಒಂದೊಂದರ ಪಾಲಿಗೆ ಬರುವುದು 0.01 ಸೆಕೆಂಡ್ ಮಾತ್ರ. 20 ಎಣಿಸಿ ಎಂದು ಮೇಷ್ಟ್ರು ಸುಮ್ನೆ ಹೇಳುತ್ತಿರಲಿಲ್ಲ ಎಂದು ಗೊತ್ತಾದಾಗ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿತು.

ಉತ್ತರ 9.8 ಬರಲಿ ಅಂತ ರೀಡಿಂಗ್ ತಿದ್ದುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಬೇಡ. 9.5 ಬಂದರೆ 9.5 ಎಂದೇ ಬರೆಯಿರಿ, ಯಾಕೆ ಬಂತು ಎಂದು ಹುಡುಕಿ. ನಮ್ಮ ಮೇಷ್ಟ್ರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅಂಥವರ ಜೊತೆಗೇ ಹೆಚ್ಚು ಹೊತ್ತು ಮಾತಾಡುತ್ತಿದ್ದರು. ಮೊದಲ ವರ್ಷದಲ್ಲಿ ಕಲಿಯುವುದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

ಗಣಿತದ ತರಗತಿ ಅಲ್ಲಿಗೆ ತಲುಪುವ ಮೊದಲೇ ಫಿಸಿಕ್ಸ್‌ನಲ್ಲಿ ಡಿಫರೆನ್ಷಿಯಲ್ ಇಕ್ವೇಷನ್ ಎದುರಾಗಬಹುದು. ರಜೆಯಲ್ಲೇ ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ವೆಕ್ಟರ್ ಮತ್ತೊಮ್ಮೆ ನೋಡಿಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಬರೆಯುವುದು ನಿಧಾನಕ್ಕೆ ಬರುತ್ತದೆ. ಡೆರಿವೇಷನ್ ಬಾಯಿಪಾಠ ಮಾಡಬೇಡಿ. ಪುಸ್ತಕ ಮುಚ್ಚಿಟ್ಟು ಹಾಳೆಯ ಮೇಲೆ ಬರೆದು ನೋಡಿ. ಯಾವ ಸಾಲಿನಲ್ಲಿ ಕೈ ನಿಂತಿತೋ ಅದನ್ನೇ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋಗಿ. ನಾವು ಹಾಗೆ ಹೋದಾಗ ಮೇಷ್ಟ್ರು ಊಟದ ಡಬ್ಬಿ ಪಕ್ಕಕ್ಕಿಟ್ಟು ಹೇಳಿಕೊಟ್ಟದ್ದೂ ಉಂಟು.