ಫುನಾಫುಟಿಯಲ್ಲಿ ಮತದಾನದ ವಾರ

ಫಿಜಿಯ ಸುವಾದಿಂದ ಹೊರಟ ಎಟಿಆರ್ ವಿಮಾನ ಎರಡೂವರೆ ತಾಸು ಬರೀ ನೀರಿನ ಮೇಲೇ ಹಾರಿತು. ಕೊನೆಗೊಮ್ಮೆ ಕಿಟಕಿಯ ಕೆಳಗೆ ಹಸಿರು ದಾರದ ಎಳೆಯೊಂದು ಕಂಡಿತು. ಅದೇ ಫೊಂಗಫಾಲೆ, ಪೆಸಿಫಿಕ್ ಸಾಗರದ ಟುವಾಲು ದೇಶದ ರಾಜಧಾನಿ ಫುನಾಫುಟಿಯ ಮುಖ್ಯ ದ್ವೀಪ. ಒಂದು ಮಗ್ಗುಲಿಗೆ ಅಬ್ಬರಿಸುವ ಕಡಲು, ಇನ್ನೊಂದು ಮಗ್ಗುಲಿಗೆ ಕೆರೆಯಂತೆ ಮಲಗಿದ ಹಿನ್ನೀರು. ನಡುವಿನ ನೆಲ ಕೆಲವು ಕಡೆ ಒಂದು ರಸ್ತೆಗಷ್ಟೇ ಸಾಕು. ಇಡೀ ದೇಶದ ವಿಸ್ತೀರ್ಣ 26 ಚದರ ಕಿಲೋಮೀಟರ್, ಜನ ಸುಮಾರು 11 ಸಾವಿರ.

ನಾನು ಇಳಿದದ್ದು 2024ರ ಜನವರಿಯ ನಾಲ್ಕನೇ ವಾರ. 26ಕ್ಕೆ ಸಂಸತ್ ಚುನಾವಣೆ. ನಮ್ಮಲ್ಲಿ ಧ್ವಜ ಏರಿಸುವ ದಿನ ಇವರು ಮತ ಹಾಕುತ್ತಾರೆ ಎಂದು ತಿಳಿದಾಗಲೇ ಹೋಗುವ ಆಸೆ ಹುಟ್ಟಿತ್ತು. ಆಗ ದೇಶದಲ್ಲಿ ಒಂದೇ ಒಂದು ಎಟಿಎಂ ಇರಲಿಲ್ಲ. ಆಸ್ಟ್ರೇಲಿಯಾ ಡಾಲರ್ ನೋಟುಗಳನ್ನು ಎಣಿಸಿಕೊಂಡೇ ಹೋಗಿದ್ದೆ.

ಚುನಾವಣೆಯ ಊರು ಎಂದರೆ ಬ್ಯಾನರು, ಧ್ವನಿವರ್ಧಕ, ಜೀಪುಗಳ ಸಾಲು ಎಂದು ನನ್ನ ಕಣ್ಣು ಕಿವಿ ಹುಡುಕುತ್ತಿದ್ದವು. ಅಂಥದ್ದೇನೂ ಸಿಗಲಿಲ್ಲ. ಟುವಾಲುವಿನಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಎಂಟು ದ್ವೀಪಗಳು ಎಂಟು ಕ್ಷೇತ್ರ, ಕ್ಷೇತ್ರಕ್ಕೆ ಇಬ್ಬರಂತೆ ಹದಿನಾರು ಸದಸ್ಯರು. ಮತದಾರ ಇಬ್ಬರಿಗೆ ಮತ ಹಾಕಬಹುದು. ಓದಿದಾಗ ವಿಚಿತ್ರವೆನಿಸಿದ್ದ ಈ ಪದ್ಧತಿ ಅಲ್ಲಿ ನಿಂತಾಗ ಚಿರಪರಿಚಿತವೆನಿಸಿತು. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯೂ ಹೀಗೆಯೇ ತಾನೇ? ಪಕ್ಷದ ಚಿಹ್ನೆ ಇರುವುದಿಲ್ಲ, ಒಂದೇ ಕ್ಷೇತ್ರಕ್ಕೆ ಇಬ್ಬರು ಮೂವರು ಸದಸ್ಯರು ಇರುತ್ತಾರೆ, ಅಷ್ಟೂ ಮತ ನಾವೇ ಹಾಕುತ್ತೇವೆ. ನಮ್ಮಲ್ಲಿ ಪಂಚಾಯಿತಿಗೆ ನಡೆಯುವುದು ಇಲ್ಲಿ ದೇಶಕ್ಕೇ ನಡೆಯುತ್ತದೆ.

ಉಳಿದುಕೊಂಡ ಮನೆಯ ಒಡತಿ ಅರವತ್ತು ದಾಟಿದವರು. ಊಟಕ್ಕೆ ಮೀನು, ತೆಂಗಿನಹಾಲಿನಲ್ಲಿ ಬೇಯಿಸಿದ ಪುಲಕಾ ಗೆಡ್ಡೆ. ನಮ್ಮ ಕೆಸುವಿನ ದೊಡ್ಡಣ್ಣನಂಥ ಗೆಡ್ಡೆ ಅದು, ಹೊಂಡ ತೋಡಿ ಬೆಳೆಸುತ್ತಾರೆ. ಕಡಲ ಉಪ್ಪುನೀರು ಅಡಿಯಿಂದ ಜಿನುಗಿ ಹೊಂಡಗಳು ಕೆಡುತ್ತಿವೆ ಎಂದು ಬಡಿಸುತ್ತಲೇ ಹೇಳಿದರು. ಯಾರಿಗೆ ಮತ ಎಂದು ನಾನು ಕೇಳಲಿಲ್ಲ. ಅವರು ಹೇಳಿದ್ದು ಇಷ್ಟು: ನಿಂತವರೆಲ್ಲ ಯಾವುದೋ ಒಂದು ದಾರಿಯಲ್ಲಿ ನಮಗೆ ನೆಂಟರೇ, ಒಬ್ಬರಿಗೆ ಹಾಕಿದರೆ ಇನ್ನೊಬ್ಬರ ಮುಖ ಭಾನುವಾರ ಚರ್ಚಿನಲ್ಲಿ ನೋಡಬೇಕು. ಆ ಮಾತಿನ ಭಾರ ನನಗೆ ಆಮೇಲೆ ಅರ್ಥವಾಯಿತು.

ಹೊರಗಿನ ಪತ್ರಿಕೆಗಳಿಗೆ ಈ ಚುನಾವಣೆಯಲ್ಲಿ ಬೇಕಾಗಿದ್ದುದು ಒಂದೇ ಸುದ್ದಿ: ತೈವಾನೋ, ಚೀನಾವೋ? ತೈವಾನಿನೊಂದಿಗೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡ ಕೆಲವೇ ದೇಶಗಳಲ್ಲಿ ಟುವಾಲು ಒಂದು. ಅದೇ ತಿಂಗಳ 15ರಂದು ಇನ್ನೊಂದು ಪೆಸಿಫಿಕ್ ದ್ವೀಪದೇಶ ನೌರು ತೈವಾನಿನ ಕೈ ಬಿಟ್ಟು ಚೀನಾದ ಕಡೆ ಹೋಗಿತ್ತು. ಟುವಾಲು ಮುಂದಿನದೇ ಎಂಬ ಊಹೆ ಹರಿದಾಡುತ್ತಿತ್ತು. ಆದರೆ ನಾನು ಸಂಜೆ ಕೂತು ಕೇಳಿಸಿಕೊಂಡ ಮಾತುಗಳಲ್ಲಿ ಹೊರ ದ್ವೀಪಗಳಿಗೆ ಹೋಗುವ ಹಡಗು, ನೀರಿನ ಟ್ಯಾಂಕು, ದಡದ ಗೋಡೆ ಇವೇ ಹೆಚ್ಚು ಬರುತ್ತಿದ್ದವು. ಜೊತೆಗೆ ಫಾಲೆಪಿಲಿ. ನೆರೆಯವರನ್ನು ನಮ್ಮವರಂತೆ ನೋಡಿಕೊಳ್ಳುವುದು ಎಂಬ ಅರ್ಥದ ಈ ಪದವನ್ನೇ 2023ರ ನವೆಂಬರಿನಲ್ಲಿ ಆಸ್ಟ್ರೇಲಿಯಾದೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಹೆಸರಾಗಿಟ್ಟಿದ್ದಾರೆ. ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. ಇದಕ್ಕೆ ಪ್ರತಿಯಾಗಿ ಟುವಾಲು ಬೇರೆ ದೇಶದ ಜೊತೆ ಭದ್ರತಾ ಒಪ್ಪಂದ ಮಾಡಿಕೊಳ್ಳಬೇಕಾದರೆ ಆಸ್ಟ್ರೇಲಿಯಾದ ಒಪ್ಪಿಗೆ ಬೇಕು. ಮಾಜಿ ಪ್ರಧಾನಿ ಎನೆಲೆ ಸೊಪೊಆಗಾ ಇದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಹನ್ನೊಂದು ಸಾವಿರ ಜನರ ದೇಶದಿಂದ ವರ್ಷಕ್ಕೆ 280 ಎಂದರೆ ಎಷ್ಟು ಮನೆ, ಎಷ್ಟು ಮಕ್ಕಳು ಎಂದು ನಾನೂ ಲೆಕ್ಕ ಹಾಕುತ್ತಾ ಕೂತೆ. ಮನೆಯೊಡತಿಯ ಮೊಮ್ಮಗಳಿಗೆ ಹೋಗುವ ಆಸೆ. ಅಜ್ಜಿ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಸಂಜೆಯಾದರೆ ಊರೆಲ್ಲ ರನ್‌ವೇ ಮೇಲೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ತೆಂಗಿನ ತೋಟ ಕಡಿದು ಮಾಡಿದ ಪಟ್ಟಿ ಅದು. ವಿಮಾನ ಬರುವಾಗ ಸೈರನ್ ಕೂಗುತ್ತದೆ, ಜನ ಪಕ್ಕಕ್ಕೆ ಸರಿಯುತ್ತಾರೆ. ಉಳಿದ ಹೊತ್ತು ಅದು ವಾಲಿಬಾಲ್ ಅಂಗಳ, ಸೆಕೆಯ ರಾತ್ರಿ ಚಾಪೆ ಹಾಸಿ ಮಲಗುವ ಜಾಗ. ಇಷ್ಟು ಅಗಲವಾದ ಬಯಲು ದೇಶದಲ್ಲಿ ಇನ್ನೊಂದಿಲ್ಲ. ಚುನಾವಣೆಯ ಮಾತೂ ಅಲ್ಲೇ ನಡೆಯುತ್ತಿತ್ತು, ಮೆಲುದನಿಯಲ್ಲಿ.

ಶುಕ್ರವಾರ ಮಳೆ ಬಿಟ್ಟು ಬಿಟ್ಟು ಬಂತು. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಹಿಂದೆ ಕೊಡೆ ಹಿಡಿದ ಅತ್ತೆ. ಮತಗಟ್ಟೆಯ ಹೊರಗೆ ದೂರದಲ್ಲೇ ನಿಂತು ನೋಡಿದೆ. ಹೂವಿನ ಕಿರೀಟ ಮುಡಿದ ಹೆಂಗಸೊಬ್ಬರು ಹೊರಬಂದು ಚಪ್ಪಲಿ ಹುಡುಕುತ್ತಾ ನನ್ನನ್ನು ನೋಡಿ "ತಾಲೊಫಾ" ಎಂದರು.

ಮರುದಿನದ ಹೊತ್ತಿಗೆ ಫಲಿತಾಂಶ ಊರಿಗೆಲ್ಲ ಗೊತ್ತಾಗಿತ್ತು. ಪ್ರಧಾನಿ ಕೌಸೆಆ ನತಾನೊ ಫುನಾಫುಟಿಯಲ್ಲೇ ಸೋತಿದ್ದರು. ಅದೇ ಕ್ಷೇತ್ರದಲ್ಲಿ ಸೈಮನ್ ಕೋಫೆ ಗೆದ್ದಿದ್ದರು. 2021ರಲ್ಲಿ ಮೊಣಕಾಲಿನವರೆಗೆ ಕಡಲಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿದವರು ಅವರೇ. ಸೊಪೊಆಗಾ ಕೂಡ ಗೆದ್ದರು. ಹಿಂದಿನ ಸಂಸತ್ತಿನ ಏಕೈಕ ಮಹಿಳೆ, ನುಯಿ ದ್ವೀಪದ ಡಾ. ಪುಆಕೆನಾ ಬೋರೆಹಮ್ ಸೋತರು. ಈ ಒಂದು ಫಲಿತಾಂಶ ನನ್ನನ್ನು ಕಾಡಿತು. ಮತ ಹಾಕಲು ಬಂದವರಲ್ಲಿ ಹೆಂಗಸರು ಅಷ್ಟೊಂದಿದ್ದರು. ಗೆದ್ದ ಹದಿನಾರೂ ಗಂಡಸರು. ಪಟಾಕಿ, ಮೆರವಣಿಗೆ ಎಲ್ಲೂ ಕಾಣಲಿಲ್ಲ. ಭಾನುವಾರ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋದರು. ಒಡತಿ ಯಾರ ಮುಖ ನೋಡಿದರೋ, ನಾನು ಕೇಳಲಿಲ್ಲ.

ಗೆದ್ದವರು ಸೇರಿ ಪ್ರಧಾನಿಯನ್ನು ಆರಿಸಬೇಕು, ಹದಿನಾರರಲ್ಲಿ ಒಂಬತ್ತು ಮಂದಿ ಬೇಕು. ಸೇರುವುದಕ್ಕೆ ಹೊರ ದ್ವೀಪಗಳಿಂದ ಹಡಗು ಬರಬೇಕು. ಅಲ್ಲಿಗೆ ವಿಮಾನವಿಲ್ಲ, ಆ ತಿಂಗಳು ಕಡಲು ಬಿಡಲಿಲ್ಲ. ನಾನು ಬೆಂಗಳೂರಿಗೆ ಮರಳಿ ವಾರಗಳಾದರೂ ಟುವಾಲುವಿಗೆ ಹೊಸ ಸರ್ಕಾರವಿರಲಿಲ್ಲ. ದಿನಾ ಬೆಳಿಗ್ಗೆ ಅಲ್ಲಿನ ಹವೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಫೆಬ್ರುವರಿ 26ರಂದು ಫೆಲೆಟಿ ಟೆಯೊ ಅವಿರೋಧವಾಗಿ ಪ್ರಧಾನಿಯಾದರು. ಹಿಂದೆ ಅಟಾರ್ನಿ ಜನರಲ್ ಆಗಿದ್ದವರು, ನಿಯುತಾವೊ ದ್ವೀಪದವರು. ಅವತ್ತೇ ಒಡತಿಯಿಂದ ಫೋನಿಗೆ ಒಂದು ಸಂದೇಶ ಬಂತು: ಹಡಗು ಬಂತು, ಜೊತೆಗೆ ಅಕ್ಕಿಯೂ ಬಂತು.